ಗುಂಡುವಿನ ನೆರಳು ಸರಿದ ದಿನ

ನಾನು ಚಿಕ್ಕವಳಿದ್ದಾಗ, ಹಲಸಿನ ಹಪ್ಪಳದ ಉಂಡೆಗಳಿಗೆ ತೆಂಗಿನೆಣ್ಣೆ ಸವರಿ ಕೊಡುವುದೆಂದರೆ ನನಗೆ ಬಹಳ ಇಷ್ಟ. ನಡುನಡುವೆ ಒಂದು ಚೂರು ಹಿಟ್ಟು ಬಾಯಿಗೂ ಹೋಗುತ್ತಿತ್ತು. ಆ ದಿನವೂ ಅಡುಗೆಮನೆಯಲ್ಲಿ ಅದನ್ನೇ ಮಾಡುತ್ತಿದ್ದೆ. ಅಮ್ಮ ಉಂಡೆಯನ್ನು ಬಾಳೆಲೆಗಳ ನಡುವೆ ಇಟ್ಟು ಮಣೆಯಿಂದ ಒತ್ತುತ್ತಿದ್ದಳು. ಅಷ್ಟರಲ್ಲಿ ಅಕ್ಕ ಅಂಗಳದಿಂದ ಓಡಿ ಬಂದಳು.

“ಗುಂಡುವಿಗೆ ಹುಚ್ಚು ಹಿಡಿದಿದೆ. ಬಾಯಿಯಿಂದ ಜೊಲ್ಲು ಸುರಿಯುತ್ತಾ ಉಂಟು. ಅಪ್ಪ ದೊಣ್ಣೆ ತೆಗೆದಿದ್ದಾರೆ.”

ಗುಂಡು ನಮ್ಮ ನಾಯಿ. ನನ್ನ ಮೊಣಕಾಲಿಗೂ ಬಾರದಷ್ಟು ಪುಟ್ಟದು, ಮೈತುಂಬ ಕೂದಲು. ಘಾಟಿಯ ಬುಡದ ಮುಂಡಾಜೆಯಿಂದ ದೊಡ್ಡಮ್ಮ ಬುಟ್ಟಿಯಲ್ಲಿ ತಂದು ಕೊಟ್ಟದ್ದು. ಆಗೆಲ್ಲ ನಮ್ಮ ಬಂಟ್ವಾಳದ ಕಡೆ ಹುಚ್ಚುನಾಯಿ ಎಂದರೆ ಯಾರೂ ಎರಡನೇ ಮಾತು ಆಡುತ್ತಿರಲಿಲ್ಲ, ಹೊಡೆದು ಹಾಕುತ್ತಿದ್ದರು.

ನಾನು ಎಣ್ಣೆಯ ಕೈಯಲ್ಲೇ ಓಡಿದೆ. ಬಿಸಿಲಿಗೆ ಅಂಗಳ ಕಾದ ಕಾವಲಿಯಂತಿತ್ತು, ಅಂಗಾಲು ಇಡಲಾಗಲಿಲ್ಲ. ಗುಂಡು ಕುಡಿದವರ ಹಾಗೆ ತೂರಾಡುತ್ತಾ ಚಾಪೆಯ ಮೇಲಿನ ಹಪ್ಪಳವನ್ನೆಲ್ಲ ತುಳಿಯುತ್ತಿತ್ತು. ನಾಲಿಗೆ ಕಡುಗೆಂಪಾಗಿ ಜೋತುಬಿದ್ದಿತ್ತು. ಕುತ್ತಿಗೆಯಲ್ಲಿ ಕಚ್ಚಿ ತುಂಡು ಮಾಡಿದ ಹಗ್ಗ.

ಆ ಹಗ್ಗ ನನ್ನದು. ಬೆಳಿಗ್ಗೆ ಹಪ್ಪಳಕ್ಕೆ ಕಾಗೆ ಬಾರದ ಹಾಗೆ ನೋಡಿಕೊಳ್ಳಲು ಅಮ್ಮ ನನ್ನನ್ನು ಕೂರಿಸಿದ್ದಳು. ನಾನು ನನ್ನ ಬದಲಿಗೆ ಗುಂಡುವನ್ನು ಚಾಪೆಯ ಪಕ್ಕದ ಕಂಬಕ್ಕೆ ಕಟ್ಟಿ, ಹಿಟ್ಟಿನ ಆಸೆಗೆ ಒಳಗೆ ಹೋಗಿದ್ದೆ. “ಕಾಗೆ?” ಎಂದು ಅಮ್ಮ ಕೇಳಿದಾಗ “ಗುಂಡು ಉಂಟಲ್ಲ” ಎಂದಿದ್ದೆ. ಕಟ್ಟುವಾಗ ಅಲ್ಲಿ ತೆಂಗಿನಮರದ ನೆರಳಿತ್ತು. ಹೊತ್ತೇರಿದ ಹಾಗೆ ನೆರಳು ಸರಿದು ಹೋಗುತ್ತದೆ ಎಂಬುದು ನನಗೆ ಹೊಳೆಯಲೇ ಇಲ್ಲ.

“ಹತ್ತಿರ ಬರಬೇಡ” ಎಂದು ಅಪ್ಪ ದೊಣ್ಣೆ ಎತ್ತಿದರು.

ಹೇಳಿದರೆ ಪೆಟ್ಟು ನನಗೆ, ಹೇಳದಿದ್ದರೆ ಗುಂಡುವಿಗೆ. ದೇವರು ಆ ಹೊತ್ತಿಗೆ ನನ್ನ ಬಾಯಿ ಬಿಡಿಸಿದ.

“ಅಪ್ಪಾ, ಅದಕ್ಕೆ ಹುಚ್ಚಲ್ಲ. ನಾನು ಕಟ್ಟಿ ಹಾಕಿದ್ದು. ಬಿಸಿಲಲ್ಲೇ ಇತ್ತು.”

“ಯಾವಾಗಿನಿಂದ?”

“ನೀವು ಪೇಟೆಗೆ ಹೋದಾಗಿನಿಂದ.”

“ನೀರು ಇಟ್ಟಿದ್ದೆಯಾ?”

“ಇಲ್ಲ” ಎಂದೆ. ಅಪ್ಪ ದೊಣ್ಣೆ ಕೆಳಗಿಟ್ಟರು. ಆದರೂ ಕೈಯಿಂದ ಮುಟ್ಟಲಿಲ್ಲ. ಮಾವಿನಕಾಯಿ ಕೊಯ್ಯುವ ದೋಟಿಯ ಕೊಕ್ಕೆಗೆ ಹಗ್ಗ ಸಿಕ್ಕಿಸಿ, ಗುಂಡುವನ್ನು ಮೆಲ್ಲಗೆ ಬಾವಿಕಟ್ಟೆಯ ನೆರಳಿಗೆ ಎಳೆದರು. ದೂರದಿಂದಲೇ ಅದರ ಕಾಲಿಗೆ, ಹೊಟ್ಟೆಗೆ ಚೆಂಬಿನಿಂದ ನೀರು ಹನಿಸಿದರು. ಅಕ್ಕ ಅಪ್ಪನ ತಲೆಯ ಅಡಿಕೆಹಾಳೆಯ ಮುಟ್ಟಾಳೆಯಿಂದ ಗಾಳಿ ಬೀಸಿದಳು.

ಬೀಸುವಾಗ ಅವಳ ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕುತ್ತಿತ್ತು. ಅಪ್ಪನ ಬೆನ್ನೂ ಒದ್ದೆ. ಅಷ್ಟು ಬೆಂದ ಗುಂಡುವಿನಲ್ಲಿ ಮಾತ್ರ ಬೆವರೇ ಕಾಣಲಿಲ್ಲ.

“ಇದಕ್ಕೆ ಬೆವರು ಯಾಕೆ ಬರುವುದಿಲ್ಲ ಅಪ್ಪಾ?”

“ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ ಮಾರಾಯ್ತಿ ಅದಕ್ಕೆ. ನಾಲಿಗೆ ಹೊರಗೆ ಹಾಕಿ ಏದುಸಿರು ಬಿಟ್ಟೇ ತಂಪಾಗಬೇಕು. ಮೇಲಿಂದ ಈ ಕಂಬಳಿ. ಸಾಲದ್ದಕ್ಕೆ ನಿನ್ನಂಥ ಯಜಮಾನ್ತಿ.”

“ಕಾಗೆ ಕಾಯಲಿಕ್ಕೆ ನಾಯಿಯನ್ನು ಇಟ್ಟವಳು, ನಾಯಿಯನ್ನು ಕಾಯಲಿಕ್ಕೆ ಕಾಗೆಯನ್ನು ಇಡಬೇಕಿತ್ತು” ಎಂದಳು ಅಕ್ಕ.

ತುಂಬ ಹೊತ್ತಾದ ಮೇಲೆ ಉಸಿರಾಟ ನಿಧಾನವಾಯಿತು. ಗುಂಡು ತಲೆ ಎತ್ತಿ ತೆಂಗಿನ ಗೆರಟೆಯಲ್ಲಿದ್ದ ನೀರನ್ನು ತಾನೇ ನೆಕ್ಕಿತು. ಆ ಲೊಚಲೊಚ ಸದ್ದಿನಷ್ಟು ಸೊಗಸಾದ ಸದ್ದನ್ನು ನಾನು ಮತ್ತೆ ಕೇಳಿಲ್ಲ. ಬಾವಿಯಲ್ಲಿ ನೀರಿತ್ತು, ಅಪ್ಪ ನನ್ನ ಮಾತು ನಂಬಿದರು. ತುಳಿದ ಹಪ್ಪಳವನ್ನು ಅಮ್ಮ ಸುಮ್ಮನೆ ದನಕ್ಕೆ ಹಾಕಿದಳು, ಪೆಟ್ಟೂ ಬೀಳಲಿಲ್ಲ. ದೇವರು ಅಂದು ಕೊಟ್ಟದ್ದನ್ನು ನಾನು ಈಗಲೂ ಎಣಿಸುತ್ತೇನೆ.

ಮಕ್ಕಳೇ, ನಿಮ್ಮ ಪುಟ್ಟ ನಾಯಿಗೆ ಫ್ಯಾನುಂಟು, ಚುಚ್ಚುಮದ್ದುಂಟು, ಫೋನ್ ಮಾಡಿದರೆ ಡಾಕ್ಟರುಂಟು. ಆದರೆ ಅದಕ್ಕೆ ಸೆಖೆಯಾದರೆ ಹೇಳಲು ಈಗಲೂ ನಾಲಿಗೆಯೊಂದೇ. ಬಾಗಿಲು ಮುಚ್ಚಿದ ಕಾರಿನಲ್ಲಿ ಅದನ್ನು ಬಿಟ್ಟು ಹೋಗಬೇಡಿ. ನಿಮ್ಮ ಸಿಮೆಂಟಿನ ಅಂಗಳ ನಮ್ಮ ಸೆಗಣಿ ಸಾರಿಸಿದ ಅಂಗಳಕ್ಕಿಂತ ಹೆಚ್ಚು ಸುಡುತ್ತದೆ. ನೆರಳಂತೂ ಅಂದಿನ ಹಾಗೆಯೇ ಸರಿಯುತ್ತದೆ.

ಸಾಕು, ಏಳುತ್ತೇನೆ. ತಾರಸಿಯ ಮೇಲೆ ಹಪ್ಪಳ ಮಗುಚಿ ಹಾಕಬೇಕು. ಕಾಗೆ ಓಡಿಸಲು ನಾನೇ ಕೂರುತ್ತೇನೆ.