ಇಲಿವಾರದ ಕಡಬು ತಿಂದ ಪ್ರಯೋಗದ ಇಲಿಗಳು

ಗೆಳೆಯರೇ, ನನ್ನ ಪಿಎಚ್‌.ಡಿ. ಇವತ್ತು ಬೆಳಿಗ್ಗೆ ಕರಿಗಡಬು ತಿಂದು ಮಲಗಿಬಿಟ್ಟಿತು.

ಮಿದುಳಿನ ಮುಂಭಾಗದಲ್ಲಿ ಅಸೆಟೈಲ್‌ಕೋಲಿನ್ ಎಂಬ ರಾಸಾಯನಿಕದ ಕೆಲಸವನ್ನು ತಡೆದರೆ ಇಲಿಗಳ ಗಮನ ಎಷ್ಟು ಕೆಡುತ್ತದೆ ಎಂಬುದು ನನ್ನ ವಿಷಯ. ಪ್ರಯೋಗದ ಪೆಟ್ಟಿಗೆಯಲ್ಲಿ ದೀಪ ಹೊತ್ತಿದ ಕಿಂಡಿಗೆ ಇಲಿ ಮೂತಿ ಇಟ್ಟರೆ ಒಂದು ಕಾಳು ಸಿಗುತ್ತದೆ. ಹಸಿದಿದ್ದರೆ ಮಾತ್ರ ಅದು ದೀಪ ನೋಡುತ್ತದೆ. ಇಷ್ಟು ಕಲಿಸುವುದರಲ್ಲೇ ನನ್ನ ಕೂದಲು ಉದುರಿದವು. ಗಣೇಶನ ಹಬ್ಬಕ್ಕೆ ಕಾಲೇಜು ಮುಚ್ಚಿದ್ದರಿಂದ ಪಂಜರ, ಪೆಟ್ಟಿಗೆ ಎಲ್ಲವನ್ನೂ ದಾಂಡೇಲಿಯ ನಮ್ಮ ಮನೆಗೇ ತಂದಿದ್ದೆ.

ಬೆಳಿಗ್ಗೆ ಅರ್ಧ ಇಲಿಗಳಿಗೆ, ಆ ರಾಸಾಯನಿಕವನ್ನು ತಡೆಯುವ ಔಷಧದಲ್ಲಿ ಉಳಿದಿದ್ದ ಕೊನೆಯದನ್ನು ಚುಚ್ಚಿ ಸ್ನಾನಕ್ಕೆ ಹೋದೆ. ಬರುವಷ್ಟರಲ್ಲಿ, ಹಬ್ಬಕ್ಕೆಂದು ಚಿಗಳ್ಳಿಯಿಂದ ಬಂದಿದ್ದ ಅತ್ತೆ ಪಂಜರಗಳಿಗೆ ಕುಂಕುಮ ಹಚ್ಚಿ, ಎಲ್ಲ ಇಲಿಗಳಿಗೂ ಕಡಬು ಹಾಕಿದ್ದರು.

"ಅತ್ಯಾರ, ಏನ್ ಮಾಡಿದ್ರಿ ಇದನ್ನ?"

"ನಿನ್ನಿ ಗಣಪ್ಪ ಉಂಡ. ಇವತ್ತ ಇಲಿವಾರ, ಅವನ್ನ ಹೊತ್ತ ತಿರಗೂ ಇಲಿಗೂ ಉಣ್ಣಾಕ ಕೊಡಬೇಕು. ನೀ ನೋಡಿದ್ರ ಉಪವಾಸ ಕೆಡವಿದ್ದಿ."

ಪೆಟ್ಟಿಗೆಗೆ ಬಿಟ್ಟರೆ, ಔಷಧ ಪಡೆದವೂ ಪಡೆಯದವೂ ಒಂದೇ ರೀತಿ ದೀಪಕ್ಕೆ ಬೆನ್ನು ಹಾಕಿ ಮಲಗಿದವು. ಧಾರವಾಡದ ನನ್ನ ಗೈಡ್‌ಗೆ ಫೋನ್ ಮಾಡಿ ಹೇಳಿದೆ. ಅವರು, "ಮತ್ತ ಆ ಔಷಧ ಸಿಗೂದಿಲ್ಲವ್ವಾ. ಇದನ್ನ ಇಲ್ಲಿಗೇ ಬಿಡೂಣು," ಎಂದರು.

ಪಾತ್ರೆಯಲ್ಲಿ ಉಳಿದಿದ್ದ ಒಂದು ಕಡಬನ್ನು ಅತ್ತೆ ನನ್ನ ತಟ್ಟೆಗೆ ಹಾಕಿದರು. ತಿಂದೆ. ಈಗ ನನಗೂ ಆ ದೀಪ ನೋಡುವ ಮನಸ್ಸಿಲ್ಲ.