ಕೆಂಪರಾಜು ಹದಿನಾಲ್ಕು ಕಿಲೋ ಇಳಿದದ್ದು

ನಲವತ್ತಾರನೇ ವಯಸ್ಸಿನಲ್ಲಿ ಕೆಂಪರಾಜು ವಾಕಿಂಗ್ ಶುರು ಮಾಡಿದಾಗ ತಮಿಳುನಾಡಿನ ಗಡಿಯೊಳಗಿನ ತಳಿ ಎಂಬ ಊರಿನ ಜನ ನಕ್ಕರು. ನಗದೆ ಇನ್ನೇನು ಮಾಡಬೇಕಿತ್ತು? ಇಪ್ಪತ್ತು ವರ್ಷದಿಂದ ಟೆಂಪೋ ಸೀಟಿಗೆ ಅಂಟಿಕೊಂಡ ಆಸಾಮಿ ಅವನು. ಗುಲಾಬಿ, ಕೊತ್ತಂಬರಿ ತುಂಬಿಕೊಂಡು ಹೊಸೂರು ಮಾರ್ಕೆಟ್ಟಿಗೆ ಹೋದರೆ ಅಲ್ಲಿ ನಾಲ್ಕು ಬಜ್ಜಿ, ವಾಪಸು ಬರುವಾಗ ಎರಡು ಬೋಂಡ, ಮನೆಗೆ ಬಂದ ಮೇಲೆ ಎರಡು ಮುದ್ದೆ. ತೂಕ ತೊಂಬತ್ತೆರಡು ಕಿಲೋ. ಅಂಥವನು ಬೆಳಕು ಹರಿದ ಕೂಡಲೇ ಕೆರೆ ಏರಿಯ ಮೇಲೆ ಬಿರಬಿರನೆ ಹೋಗುತ್ತಿದ್ದರೆ ಟೀ ಅಂಗಡಿಯ ಶ್ಯಾಮಣ್ಣ ಸುಮ್ಮನಿರುತ್ತಾನೆಯೇ?

"ಏನ್ಲಾ ಕೆಂಪ, ಆನೆ ಏನಾರ ಅಟ್ಟುಸ್ಕೊಂಡ್ ಬತ್ತಾ ಐತಾ?"

"ಬಂದ್ರೆ ನಿನ್ ಅಂಗ್ಡಿಗೇ ಕಳುಸ್ತೀನಿ ಕಣ್ಲಾ, ವಡೆ ಮಡಗಿರು."

ನಗುತ್ತಲೇ ಹೇಳಿ ಹೋಗುತ್ತಿದ್ದ. ನಡೆಯುವುದು ಯಾಕೆಂದು ಮಾತ್ರ ಊರಿನಲ್ಲಿ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

ತಮ್ಮ ಜಗನ್‌ನ ಎರಡು ಕಿಡ್ನಿಯೂ ಕೈಕೊಟ್ಟಿದ್ದವು. ಹೊಸೂರಿನ ಫ್ಯಾಕ್ಟರಿಯಲ್ಲಿ ಲೇತ್ ಮೆಷಿನ್ ಮುಂದೆ ಹದಿನೆಂಟು ವರ್ಷ ನಿಂತವನು ಈಗ ಮಂಗಳವಾರ, ಶುಕ್ರವಾರ ಅಲ್ಲಿನ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಹೋಗಿ ಮಲಗಬೇಕಿತ್ತು. ಅಣ್ಣನ ರಕ್ತ ತಮ್ಮನಿಗೆ ಹೊಂದುತ್ತಿತ್ತು. ಆದರೆ ಬೆಂಗಳೂರಿನ ಡಾಕ್ಟರು ಕೆಂಪರಾಜುವನ್ನು ತಕ್ಕಡಿ ಹತ್ತಿಸಿ, ಬಿ.ಪಿ. ನೋಡಿ, ಪೆನ್ನು ಕೆಳಗಿಟ್ಟುಬಿಟ್ಟರು. "ಈ ಮೈಯಿಂದ ಕಿಡ್ನಿ ತೆಗೆದರೆ ನಿಮ್ಮನ್ನೂ ಡಯಾಲಿಸಿಸ್‌ಗೆ ಮಲಗಿಸಬೇಕಾಗುತ್ತೆ. ಎಪ್ಪತ್ತೆಂಟಕ್ಕೆ ಇಳಿದು ಬನ್ನಿ."

ಹದಿನಾಲ್ಕು ಕಿಲೋ. ಅಷ್ಟು ಕೊತ್ತಂಬರಿಯಾಗಿದ್ದರೆ ಒಂದೇ ಕೈಯಲ್ಲಿ ಎತ್ತಿ ಟೆಂಪೋಗೆ ಎಸೆಯುತ್ತಿದ್ದ. ಸ್ವಂತ ಮೈಯಿಂದ ಇಳಿಸುವುದು ಅಷ್ಟು ಸುಲಭವಲ್ಲ ಎಂದು ಮೊದಲ ವಾರವೇ ಗೊತ್ತಾಯಿತು. ಮಂಡಿ ಊದಿತು. ಹಸಿವಿಗೆ ತಲೆ ಸುತ್ತಿ ಟೆಂಪೋ ಪಕ್ಕಕ್ಕೆ ಹಾಕಿ ಕೂತ ದಿನವೂ ಉಂಟು. ತಾಯಿ ಅಕ್ಕಯಮ್ಮ ಎರಡನೇ ಮುದ್ದೆ ಹಾಕಲು ಬಂದರೆ ತಟ್ಟೆಗೆ ಕೈ ಅಡ್ಡ ಇಡುತ್ತಿದ್ದ. "ಒಬ್ಬ ಮಗ ಬತ್ತೋದ, ಇವ್ನೂ ಬತ್ಕೊಂತಾವ್ನೆ" ಎಂದು ಆಕೆ ಒಲೆಯ ಮುಂದೆ ಕೂತು ಅಳುತ್ತಿದ್ದಳು. ಅವಳಿಗೂ ವಿಷಯ ಹೇಳಿರಲಿಲ್ಲ. ಒಬ್ಬ ಮಗನ ಹೊಟ್ಟೆ ಕುಯ್ದು ಇನ್ನೊಬ್ಬನಿಗೆ ಹಾಕುತ್ತಾರೆ ಎಂದು ಹೆತ್ತವಳಿಗೆ ಯಾವ ಬಾಯಲ್ಲಿ ಹೇಳುವುದು?

ಅದೇ ದಿನಗಳಲ್ಲಿ ಜಗನ್‌ನ ಫೋನಿಗೆ 'ಹದಿಮೂರನೇ ಗ್ರಹ' ಮತ್ತೆ ಬಂತು.

ಅಣ್ಣತಮ್ಮಂದಿರು ಚಿಕ್ಕವರಿದ್ದಾಗ ಊರಿಗೆಲ್ಲ ಒಂದೇ ಟಿ.ವಿ., ಬೋರಯ್ಯನ ಮನೆಯಲ್ಲಿ. ಭಾನುವಾರ ಬೆಳಿಗ್ಗೆ ಹಿಂದಿಯಲ್ಲಿ ಬರುತ್ತಿದ್ದ ಧಾರಾವಾಹಿ ಅದು. ಸ್ಕೂಟರ್ ಹೆಲ್ಮೆಟ್ಟಿಗೆ ಬೆಳ್ಳಿ ಬಣ್ಣ ಬಳಿದುಕೊಂಡ ಕ್ಯಾಪ್ಟನ್, ಎಣ್ಣೆ ಡಬ್ಬದಂಥ ರೋಬೋಟು, ಮದುವೆ ಮನೆಯ ಸೀರಿಯಲ್ ಲೈಟು ಮಿಣುಕುವ ಹಡಗು. ಹಿಂದಿ ಯಾರಿಗೂ ಬಾರದು. ಏಳು ವರ್ಷದ ಜಗನ್ ಮುಂದೆ ಕೂತು, "ಈಗ ಕ್ಯಾಪ್ಟನ್ನು ಊರ್ಗೆ ಹೋಗ್ಬೇಕು ಅಂತಾವ್ನೆ, ರೋಬೋಟು ದಾರಿ ಮರ್ತೋಗ್ಬುಟ್ಟೈತೆ" ಎಂದು ಬಾಯಿಗೆ ಬಂದ ಕಥೆ ಕಟ್ಟಿ ಹೇಳುತ್ತಿದ್ದ. ಮುದುಕರೂ ಹೂಂಗುಟ್ಟುತ್ತಿದ್ದರು. ಹಡಗು ಕಪ್ಪು ಗುಂಡಿಯೊಂದಕ್ಕೆ ಬಿದ್ದ ವಾರ ಧಾರಾವಾಹಿ ನಿಂತುಹೋಯಿತು. ಕ್ಯಾಪ್ಟನ್ ಮನೆ ಸೇರಿದನೋ ಇಲ್ಲವೋ, ಮೂವತ್ತೈದು ವರ್ಷ ಯಾರಿಗೂ ಗೊತ್ತಾಗಲಿಲ್ಲ.

ಈಗ ಹೊಸದಾಗಿ ತೆಗೆದಿದ್ದರು, ಕನ್ನಡದಲ್ಲೂ ಮಾತಾಡಿಸಿದ್ದರು. ಭಾನುವಾರಕ್ಕೊಂದು ಕಂತು. ಅಣ್ಣತಮ್ಮ ಜಗನ್‌ನ ಮನೆಯ ಮಂಚದ ಮೇಲೆ ಕೂತು ನೋಡಿದರು. ಥೂ, ಅದನ್ನು ಏನೆಂದು ಹೇಳಲಿ. ಕ್ಯಾಪ್ಟನ್ ಎದೆ ತೋರಿಸಿಕೊಂಡು ಹೊಡೆದಾಡುವುದೇ ಕೆಲಸ. ರೋಬೋಟು ಕೆಟ್ಟ ಜೋಕು ಹೇಳುತ್ತದೆ. ಗ್ರಹದ ರಾಣಿ ಕಾರಣವಿಲ್ಲದೆ ಕುಣಿಯುತ್ತಾಳೆ. ದುಡ್ಡು ಸುರಿದಿದ್ದರು, ಕಥೆ ಮಾತ್ರ ಎಲ್ಲೂ ಕಾಣಲಿಲ್ಲ.

"ಮಾತು ಅರ್ಥ ಆಗ್ದೆ ಇದ್ದಾಗ್ಲೇ ಚೆಂದಾಗಿತ್ತು ಕಣಣ್ಣ" ಎಂದ ಜಗನ್.

"ನಿನ್ ಕಥೆನೇ ಇದ್ಕಿಂತ ವಾಸಿ. ಆಫ್ ಮಾಡ್ಲಾ."

"ಬ್ಯಾಡ. ಕೊನೇಲಿ ಏನಾಯ್ತದೆ ನೋಡ್ಬೇಕು."

ಆರು ತಿಂಗಳು ಹೀಗೇ ನಡೆಯಿತು. ಒಂದು ಶನಿವಾರ ಬೆಂಗಳೂರಿನ ಡಾಕ್ಟರ ತಕ್ಕಡಿಯ ಮುಳ್ಳು ಎಪ್ಪತ್ತೆಂಟಕ್ಕೆ ನಿಂತಿತು. ಬಿ.ಪಿ.ಯೂ ಹದಕ್ಕೆ ಬಂದಿತ್ತು. ಡಾಕ್ಟರು ಕೈ ಕುಲುಕಿ, ಮುಂದಿನ ತಿಂಗಳು ಆಪರೇಷನ್ ಎಂದರು. ಕೆಂಪರಾಜು ತಮ್ಮನ ಮನೆಗೆ ಫೋನ್ ಮಾಡಿ ಹೇಳಿ, ಬಸ್ಸಿನಲ್ಲಿ ಕಿಟಕಿ ಕಡೆ ತಿರುಗಿ ಅತ್ತುಬಿಟ್ಟ. ತನ್ನ ಜೀವಮಾನದಲ್ಲಿ ಅವನು ಪಾಸಾದ ಪರೀಕ್ಷೆ ಅದೊಂದೇ.

ಮಾರನೇ ದಿನ ಭಾನುವಾರ, ಧಾರಾವಾಹಿಯ ಕೊನೇ ಕಂತು. ಇಂಥ ದಿನ ಬರಿಗೈಯಲ್ಲಿ ಹೋಗುವುದುಂಟೇ? ಸಂತೆ ಬೀದಿಯಲ್ಲಿ ಎರಡು ಒಳ್ಳೆಯ ಎಳನೀರು ಆರಿಸಿಕೊಂಡ. ನಮ್ಮ ಕಡೆ ಕಾಯಿಲೆಯವರ ಮನೆಗೆ ಎಳನೀರೇ ಹೋಗುವುದು. ಕೂಸಿಗೂ ಅದೇ, ಸಾಯುವವರಿಗೂ ಅದೇ, ಅದರಲ್ಲಿ ಕೆಡುಕಿದೆ ಎಂದು ಯಾರ ಅಜ್ಜಿಯೂ ಹೇಳಿಕೊಟ್ಟಿಲ್ಲ. ಡಯಾಲಿಸಿಸ್‌ನವರು ಏನು ತಿನ್ನಬಾರದೆಂದು ಒಂದು ಚೀಟಿ ಕೊಟ್ಟಿದ್ದರು, ತಮಿಳಿನಲ್ಲಿ. ಅಣ್ಣತಮ್ಮ ಇಬ್ಬರೂ ತಮಿಳು ಲೀಲಾಜಾಲವಾಗಿ ಮಾತಾಡುವವರೇ. ಓದಿದ್ದು ಮಾತ್ರ ಕನ್ನಡ ಶಾಲೆಯಲ್ಲಿ. ಜಗನ್‌ನ ಹೆಂಡತಿ ರಮ್ಯ ಕನಕಪುರದ ಕಡೆಯವಳು, ಮದುವೆಯಾಗಿ ಬಂದ ಮೇಲೆ ತಮಿಳು ಮಾತು ಕಲಿತವಳು. ಓದಲು ಬರುವುದಿಲ್ಲ ಎಂದು ನರ್ಸಮ್ಮನ ಮುಂದೆ ಹೇಳಲು ಮೂವರಿಗೂ ನಾಚಿಕೆ. ಉಪ್ಪು ಕಮ್ಮಿ, ದಿನಕ್ಕೆ ಒಂದು ಲೀಟರ್ ನೀರು, ಅಷ್ಟನ್ನು ಬಾಯಲ್ಲಿ ಕೇಳಿಕೊಂಡು ಬಂದು ದೇವರ ಆಣೆಯಂತೆ ನಡೆಸುತ್ತಿದ್ದರು. ಚೀಟಿ ಕ್ಯಾಲೆಂಡರಿನ ಹಿಂದೆ ಸೇರಿತ್ತು.

ಕೆಂಪರಾಜು ಅವತ್ತೂ ಎಚ್ಚರ ತಪ್ಪಲಿಲ್ಲ. ಎಳನೀರಿನಷ್ಟೇ ನೀರನ್ನು ತಮ್ಮನ ದಿನದ ಪಾಲಿಗೆ ಗುರುತು ಹಾಕಿದ ಬಾಟಲಿಯಿಂದ ಅಳೆದು ಚೆಲ್ಲಿದ. ಆಮೇಲೆ ಎರಡನ್ನೂ ಕೊಚ್ಚಿ ಕೊಟ್ಟ. ತಿಂಗಳುಗಟ್ಟಲೆ ಬಾಯಾರಿದ್ದ ಜಗನ್ ಕಣ್ಣು ಮುಚ್ಚಿಕೊಂಡು ಕುಡಿದ.

ಕ್ಯಾಪ್ಟನ್ ಕೊನೆಗೆ ಆಸ್ಪತ್ರೆಯ ಹಾಸಿಗೆಯ ಮೇಲೆ ಎದ್ದು ಕೂತ. ಗ್ರಹ, ಹಡಗು ಎಲ್ಲ ಬರೀ ಕನಸಂತೆ.

"ಇದ್ಕಾ ಮೂವತ್ತೈದ್ ವರ್ಷ ಕಾದಿದ್ದು" ಎಂದು ಜಗನ್ ಫೋನನ್ನು ಮಂಚದ ಮೇಲೆ ಬಿಸಾಕಿದ. ಆಮೇಲೆ ನಕ್ಕ. "ಆಪ್ರೇಸನ್ ಆಗ್ಲಿ ತಡಿ. ಸರಿಯಾದ್ ಕೊನೆ ನಾನೇ ಹೇಳ್ತೀನಿ."

ಸೋಮವಾರ ಬೆಳಿಗ್ಗೆ ಅವನಿಗೆ ಕಾಲು ಎತ್ತಲು ಆಗಲಿಲ್ಲ. ಎದೆ ಒಮ್ಮೆ ಹೊಡೆದು, ಒಮ್ಮೆ ತಡೆಯುತ್ತಿತ್ತು. ಗುಲಾಬಿ ಬುಟ್ಟಿಗಳನ್ನು ರಸ್ತೆಗೆ ಇಳಿಸಿ ಅಣ್ಣ ಅವನನ್ನು ಟೆಂಪೋದಲ್ಲಿ ಮಲಗಿಸಿ, ರಮ್ಯಳನ್ನೂ ಕೂರಿಸಿಕೊಂಡು ಹೊಸೂರಿಗೆ ಓಡಿಸಿದ. ಆಸ್ಪತ್ರೆಯ ಗೇಟಿನಲ್ಲಿ ಆಂಬುಲೆನ್ಸ್ ಅಡ್ಡ ನಿಂತಿತ್ತು. ತಮ್ಮನನ್ನು ತೋಳಲ್ಲಿ ಎತ್ತಿಕೊಂಡು, ಇಳಿಜಾರು ಹತ್ತಿ, ಮೊದಲ ಮಹಡಿಯವರೆಗೂ ಓಡಿದ. ಆರು ತಿಂಗಳ ಹಿಂದಾಗಿದ್ದರೆ ಹತ್ತು ಹೆಜ್ಜೆಗೆ ಕುಸಿದು ಕೂರುತ್ತಿದ್ದ. ಅವತ್ತು ಅವನಿಗೆ ಏದುಸಿರೂ ಬರಲಿಲ್ಲ. ತೋಳಲ್ಲಿದ್ದವನ ಉಸಿರು ಆಗಲೇ ನಿಂತಿತ್ತು.

"ನಿನ್ನೆ ಏನು ಕೊಟ್ಟಿರಿ?" ಎಂದು ಡಾಕ್ಟರು ತಮಿಳಿನಲ್ಲಿ ಕೇಳಿದರು. ಹೇಳಿದ. ಕಿಡ್ನಿ ಕೆಟ್ಟವರಿಗೆ ಎಳನೀರಿನ ಪೊಟ್ಯಾಸಿಯಂ ಹೃದಯವನ್ನೇ ನಿಲ್ಲಿಸಬಲ್ಲದು, ಚೀಟಿಯಲ್ಲಿ ಮೊದಲ ಸಾಲೇ ಅದು ಎಂದು ಡಾಕ್ಟರು ಹೇಳಿದರು.

ಅಲ್ಲಿಂದ ಹನ್ನೊಂದು ದಿನ ಅವನು ಯಾರ ಮುಖವನ್ನೂ ನೋಡಲಿಲ್ಲ. ತಿಥಿಗೆ ಬಂದ ಶ್ಯಾಮಣ್ಣ, ತಮ್ಮನ ಕೊರಗಿನಲ್ಲೇ ಅಣ್ಣನೂ ಸೊರಗಿಹೋದ ಎಂದು ನಾಲ್ಕು ಜನರ ಮುಂದೆ ಕಣ್ಣೊರೆಸಿಕೊಂಡ. ಕೆಂಪರಾಜುವಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನೆಂಟರೆಲ್ಲ ಹೋದ ಮೇಲೆ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದ ರಮ್ಯಳ ಹತ್ತಿರ ಹೋಗಿ ನಿಂತ. ಹೇಳದೆ ಬದುಕುವುದು ಅವನಿಂದ ಆಗುತ್ತಿರಲಿಲ್ಲ.

"ರಮ್ಯ, ಅವ್ನು ತಾನಾಗಿ ಹೋಗ್ಲಿಲ್ಲ ಕಣಮ್ಮ. ಎಳ್ನೀರು ಕೊಡ್ಬಾರ್ದಂತೆ. ಕೊಟ್ಟೋನು ನಾನೇ."

ಅವಳು ಪಾತ್ರೆ ತಿಕ್ಕುವುದನ್ನು ನಿಲ್ಲಿಸಿದಳು, ತಲೆ ಎತ್ತಲಿಲ್ಲ.

"ಡಾಕ್ಟ್ರು ನಿಮ್ಗೆ ಹೇಳಿದ್ದು ನನ್ಗೂ ಕೇಳುಸ್ತು ಭಾವ" ಎಂದಳು. "ಭಾನ್ವಾರ ನೀವು ಬರೋಕ್ ಮುಂಚೆ, ಬೆಳಿಗ್ಗೆ, ನಾನೂ ಒಂದು ಕೊಟ್ಟಿದ್ದೆ. ನೀವು ಪಾಸಾದ್ರಲ್ಲ, ಆ ಖುಸಿಗೆ."