ಸೋಡಿಯಂನ ಒಂಟಿ ಚುಕ್ಕೆ

ಬೋರ್ಡು ಬರೆಯುವ ಅವರನ್ನು ಎಲ್ಲರೂ ಬಣ್ಣದಯ್ಯ ಎನ್ನುತ್ತಿದ್ದರು. ಅಂಗಡಿಗಳ ಹೆಸರು, ಬಸ್ಸಿನ ಹಿಂಬದಿಯ ಅಕ್ಷರ, ಎಲ್ಲ ಅವರ ಕೈಯದೇ. ಓದಿದ್ದು ಮೂರನೆಯ ತರಗತಿ. ಒಬ್ಬಳೇ ಮಗಳು, ನಾನು ಕಸ ಗುಡಿಸುವ ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರದ ಟೀಚರು. ರಕ್ತದ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದ ಅವಳು ಮಲಗಿದಲ್ಲೇ ಗೀಚಿಕೊಟ್ಟ ಹಾಳೆ ನೋಡಿಕೊಂಡು ಅಪ್ಪ ರಜೆಯಲ್ಲಿ ಲ್ಯಾಬಿನ ಗೋಡೆಗೆ ಇಪ್ಪತ್ತು ಧಾತುಗಳನ್ನು ಬರೆಯಲು ಹೊರಟರು. ನಡುವೆ ಬೀಜಕೇಂದ್ರ, ಸುತ್ತ ಬಳೆಯಂಥ ಗೆರೆಗಳು, ಗೆರೆಯ ಮೇಲೆ ಎಲೆಕ್ಟ್ರಾನುಗಳ ಕೆಂಪು ಚುಕ್ಕೆ.

ಸೋಡಿಯಂನಲ್ಲಿ ಎಡವಿದರು. ಒಳಗೆ ಎರಡು, ಆಮೇಲೆ ಎಂಟು, ಹೊರಗಿನ ಬಳೆಯಲ್ಲಿ ಒಂದೇ ಒಂದು. ಬೋರ್ಡು ಬರೆಯುವವರ ಕಣ್ಣಲ್ಲವೇ, ಎಡಕ್ಕೊಂದಿದ್ದರೆ ಬಲಕ್ಕೊಂದು ಬೇಕು. ಎದುರಿಗೆ ಇನ್ನೊಂದು ಚುಕ್ಕೆ ಇಟ್ಟೇಬಿಟ್ಟರು.

ಸಂಜೆ ಹೇಳಿದಾಗ ಮಗಳು ನಕ್ಕು ಸುಸ್ತಾದಳಂತೆ.

"ಅಪ್ಪಾ, ಅದೀಗ ಮೆಗ್ನೀಸಿಯಂ ಆಯ್ತು! ಪಕ್ಕದ ಮನೆಯವನನ್ನ ತಂದು ಇವನೇ ಅಂತ ಕೂರಿಸಿದ್ದೀಯಲ್ಲ."

"ಒಂಟಿಯಾಗಿತ್ತು ಕಣೇ. ನೋಡೋಕಾಗ್ಲಿಲ್ಲ."

"ಅದು ಇರೋದೇ ಹಾಗೆ. ಹೊರಗಿಂದು, ಹಿಡಿತ ಸಡಿಲ, ಸುಲಭವಾಗಿ ಬಿಟ್ಟು ಹೋಗುತ್ತೆ. ಕೆಳಗಿರೋ ಪೊಟ್ಯಾಸಿಯಂದು ಇನ್ನೂ ದೂರ, ಇನ್ನೂ ಬೇಗ."

"ಹೋಗೋ ಮಾತು ಬೇಡ, ಗಂಜಿ ಕುಡಿ."

"ನಾಳೆ ಅಳಿಸ್ತೀಯಾ? ಮಕ್ಕಳು ಅದನ್ನೇ ನೋಡಿ ಕಲೀತಾರೆ."

"ಅಳಿಸ್ತೀನಿ."

ಅಳಿಸಲಿಲ್ಲ. ಕುಂಚ ಎತ್ತಿದರೂ ಕೈ ಬರಲಿಲ್ಲ. ಮೂರು ಸಂಜೆ ಅವಳು ಅಳಿಸಿದ್ಯಾ ಎಂದು ಕೇಳಿದಳು, ಮೂರು ಸಂಜೆಯೂ "ಆಯ್ತಮ್ಮ, ಅಳಿಸಿದೆ" ಎಂದರು. ನಾಲ್ಕನೆಯ ಸಂಜೆ ಕೇಳಲು ಅವಳಿರಲಿಲ್ಲ.

ಶಾಲೆ ತೆರೆಯುವ ಹಿಂದಿನ ದಿನ ನಾನು ಲ್ಯಾಬಿನ ನೆಲ ಒರೆಸುತ್ತಿದ್ದೆ. ಬಣ್ಣದಯ್ಯ ಬಿಳಿ ಬಣ್ಣದ ಡಬ್ಬಿ ಹಿಡಿದು ಬಂದರು. ಇದನ್ನೆಲ್ಲ ಹೇಳಿ, "ಸಾಯೋ ಮಗಳಿಗೆ ಸುಳ್ಳು ಹೇಳಿದೆ ತಾಯಿ," ಎಂದರು.

ನಾನು ಮನಸ್ಸಿನಲ್ಲೇ ದೇವರನ್ನು ನೆನೆದು, ಅವರು ಹತ್ತಿದ ಸ್ಟೂಲು ಅಲುಗದಂತೆ ಹಿಡಿದುಕೊಂಡೆ.

ಎರಡು ಸಲ ಬಳಿದರೂ ಬಿಳಿಯ ಅಡಿಯಿಂದ ಕೆಂಪು ಇಣುಕುತ್ತಿತ್ತು. ಪ್ರತಿ ಸಲವೂ ಒಣಗುವ ತನಕ ಕಾದರು. ಮೂರನೆಯ ಸಲಕ್ಕೆ ಮುಚ್ಚಿತು. ಕೆಳಗಿಳಿದು, ಉಳಿದ ಆ ಒಂದು ಚುಕ್ಕೆಯನ್ನು ಬಹಳ ಹೊತ್ತು ನೋಡಿದರು.

"ಅದು ಹೋಗೋದೇ ಅಂತೆ," ಎಂದರು. "ಅವಳೇ ಹೇಳಿದ್ದು."

ಕುಂಚ ತೊಳೆಯದೆ ಎಂದೂ ಎದ್ದವರಲ್ಲ. ಅಂದು ಕಿಟಕಿಯಲ್ಲೇ ಬಿಟ್ಟು ಹೋದರು. ನಾನೇ ತೊಳೆದಿಟ್ಟೆ.